ಹೂವು ನಿನ್ನೆ ಬಂತು ಕಣೇ

ಸುಲೋಚನಾ ಆಂಟಿಗೆ,

'ಪ್ರೀತಿಯ' ಎಂದು ಶುರು ಮಾಡಲು ಹೋದೆ, ಕೈ ಏಳಲಿಲ್ಲ. ಏಳು ವರ್ಷ ನಿಮಗೆ ಬರೆದ ಪ್ರತಿ ಹಬ್ಬದ ಕಾರ್ಡಿನಲ್ಲೂ ಆ ಮಾತು ತಾನಾಗಿಯೇ ಬಂದು ಕೂರುತ್ತಿತ್ತು. ಈಗ ಬರೀ ಆಂಟಿ. ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳುವ ಮನಸ್ಸೂ ಇಲ್ಲ. ಮಾಡಿಕೊಂಡರೆ ಮಾಡಿಕೊಳ್ಳಿ. ನೀವು ಹೋಗಿ ಎಂಟು ತಿಂಗಳಾಯಿತು. ಮೊದಲ ಮೂರು ತಿಂಗಳು ನಿಮಗಾಗಿ ಅತ್ತೆ. ಆಮೇಲಿನ ಐದು ತಿಂಗಳು ನಿಮ್ಮ ಮೇಲಿನ ಸಿಟ್ಟಿನಲ್ಲಿ ಅತ್ತೆ. ಇವತ್ತು ಭಾನುವಾರ, ಬೆಳಿಗ್ಗೆ ನಿಮ್ಮ ಹಿತ್ತಲಿನಲ್ಲಿ ಒಂದು ಸಂಗತಿ ನೋಡಿ ಬಂದೆ. ಅದನ್ನು ನಿಮಗೆ ಹೇಳದೆ ಇರಲು ಆಗುತ್ತಿಲ್ಲ. ಆದರೆ ಅದಕ್ಕೆ ಮೊದಲು ಬೇರೆ ಕೆಲವು ಮಾತು ಕೇಳಬೇಕಾಗುತ್ತದೆ. ನಾನು ನಿಮ್ಮ ಮಾತನ್ನು ಎಷ್ಟು ಕೇಳಿಲ್ಲ!

ಲಾಸ್ ಕೊಲಿನಾಸ್‌ನ ಆ ಖಾಲಿ ಪಾರ್ಕಿಂಗ್ ಲಾಟ್ ನೆನಪಿದೆಯೇ? 2009ರ ಭಾನುವಾರಗಳು. ನಾನು ಅಮೆರಿಕಕ್ಕೆ ಬಂದು ಎರಡು ತಿಂಗಳು. ಮಾಧವ ನನಗೆ ಡ್ರೈವಿಂಗ್ ಕಲಿಸಲು ಹೋಗಿ ಇಬ್ಬರೂ ಮಾತು ಬಿಟ್ಟಿದ್ದೆವು. ಆಗ ನೀವು, ಕನ್ನಡ ಸಂಘದ ಊಟದಲ್ಲಿ ಒಂದೇ ಸಲ ನೋಡಿದ್ದವರು, "ನಾನು ಕಲಿಸ್ತೀನಿ ಬಾ, ಗಂಡಂದಿರ ಹತ್ರ ಕಲಿಯೋ ವಿದ್ಯೆ ಅಲ್ಲ ಇದು" ಎಂದು ಫ್ಲವರ್ ಮೌಂಡ್‌ನ ನಿಮ್ಮ ಮನೆಯಿಂದ ಹೊರಟು ಬಂದಿರಿ. ನಾನು ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿದರೆ, "ಬ್ರೇಕ್ ಮೇಲೆ ಕಾಲಿಡು, ದೇವರ ಮೇಲೆ ಭಾರ ಹಾಕ್ಬೇಡ" ಎನ್ನುತ್ತಿದ್ದಿರಿ. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ಡಾಕ್ಟರು ನೀವು. "ಜನರನ್ನ ಮಲಗಿಸೋದು ನನ್ನ ಕಸುಬು ಕಣೇ, ನಿನ್ನ ಪಕ್ಕ ಕೂತ್ರೆ ನನಗೇ ವಾರ ಪೂರ್ತಿ ನಿದ್ದೆ ಬರಲ್ಲ." ಮೂರನೆಯ ಪ್ರಯತ್ನದಲ್ಲಿ ಲೈಸೆನ್ಸ್ ಸಿಕ್ಕ ದಿನ ಮಾಧವನಿಗಿಂತ ಮೊದಲು ನಿಮಗೆ ಫೋನ್ ಮಾಡಿದ್ದೆ.

ನಮ್ಮ ಅಪ್ಪನ ರಿಪೋರ್ಟ್ ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದೆ. ಮೈಸೂರಿನಿಂದ ಅಣ್ಣ, ಅತ್ತಿಗೆ, ಚಿಕ್ಕಪ್ಪ ಎಲ್ಲರೂ ಒಂದೇ ರಾಗ: "ಏನಿಲ್ಲ, ಸುಧಾರಿಸ್ಕೋತಿದಾರೆ, ಗಾಬರಿ ಬೇಡ." ನೀವು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಿರಿ. ಕನ್ನಡಕ ತೆಗೆದು ಇಟ್ಟಿರಿ. "ಶೈಲಾ, ಈ ವಾರವೇ ಹೊರಡು. ಎಲ್ಲರೂ ನಿನಗೆ ಸುಳ್ಳು ಹೇಳ್ತಿದಾರೆ. ನಾನು ಹೇಳಲ್ಲ." ನಾನು ಹೋದೆ. ಅಪ್ಪ ಇನ್ನೂ ಒಂಬತ್ತು ದಿನ ಇದ್ದರು, ನನ್ನನ್ನು ಗುರುತು ಹಿಡಿದರು, ನನ್ನ ಕೈಯಿಂದ ಗಂಜಿ ಕುಡಿದರು. ಆ ಒಂಬತ್ತು ದಿನ ನೀವು ಕೊಟ್ಟಿದ್ದು. ಅದಾದ ಮೇಲೆ ನಿಮ್ಮ ಮಾತನ್ನು ಹೌದೋ ಅಲ್ಲವೋ ಎಂದು ನೋಡುವ ಅಭ್ಯಾಸವೇ ನನಗೆ ಹೋಯಿತು. ಜಗತ್ತಿನಲ್ಲಿ ಒಬ್ಬರಾದರೂ ಇದ್ದಾರಲ್ಲ, ಅಂತ...

ಆರು ಹೂವು. 2011ರ ಅಕ್ಟೋಬರ್, ಶನಿವಾರ ಬೆಳಿಗ್ಗೆ ನಿಮ್ಮ ಫೋನ್: "ಹಲ್ಲುಜ್ಜಿದ್ದೀಯಾ? ಹಾಗಾದ್ರೆ ಸಾಕು, ಹೊರಡು." ಮರ್ಫಿಯ ನಮ್ಮ ಮನೆಯಿಂದ ನಿಮ್ಮ ಮನೆಗೆ ಒಂದು ಗಂಟೆ. ಅಡುಗೆಮನೆ ಕಿಟಕಿಯ ಕೆಳಗೆ, ಮಾಡಿನ ಅಂಚಿಗೆ ನೀವು ಮಾಡಿಸಿದ್ದ ಪಾತಿಯಲ್ಲಿ ನೇರಳೆ ಬಣ್ಣದ ಆರು ಹೂವು ನೆಲದಿಂದ ಎದ್ದು ನಿಂತಿದ್ದವು. ಸುತ್ತ ಗರಿಕೆಯಂಥ ಎಲೆ, ನಡುವೆ ಬಿಳಿ ಗೆರೆ. ಒಂದು ತಿಂಗಳ ಹಿಂದೆ ಅಂಚೆಯಲ್ಲಿ ಬಂದ ಗೆಡ್ಡೆಗಳು, ನೋಡಿದರೆ ಸಣ್ಣ ಈರುಳ್ಳಿ ಎನ್ನಬೇಕು. ಪ್ರತಿ ಹೂವಿನ ಒಡಲಲ್ಲಿ ಮೂರು ಕೆಂಪು ಎಳೆ. "ಕೇಸರಿ ಕಣೇ! ಟೆಕ್ಸಸ್ಸಿನ ಮಣ್ಣಲ್ಲಿ ಕೇಸರಿ!" ಎಂದು ನೀವು ಚಪ್ಪಾಳೆ ತಟ್ಟಿದಿರಿ. ಒಂದು ಹೂವಿನ ಎಳೆ ಕಿತ್ತು ಬಿಸಿ ಹಾಲಿಗೆ ಹಾಕಿ ಇಬ್ಬರೂ ಅರ್ಧರ್ಧ ಲೋಟ ಕುಡಿದೆವು. ಆ ಆರು ಹೂವು ನಿಜ. ಅಷ್ಟು ಮಾತ್ರ ನಿಜ.

ಮರುವರ್ಷ ಜೂನ್‌ನಲ್ಲಿ ಎಂಟು ಗೆಡ್ಡೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ನನ್ನ ಮಡಿಲಿಗೆ ಹಾಕಿದಿರಿ, ಮಗಳಿಗೆ ಮಡಿಲಕ್ಕಿ ತುಂಬುವ ಹಾಗೆ. "ತುಳಸಿ ಪಕ್ಕದಲ್ಲೇ ಇಡು. ಬೇಸಿಗೇಲಿ ಮೇಲೆ ಏನೂ ಕಾಣಲ್ಲ, ಬರೀ ಮಣ್ಣು. ಹಾಗಂತ ಒಣಗಿಸ್ಬೇಡ, ಪಾಪ, ಒಳಗೆ ಜೀವ ಇದೆ. ಸ್ನಾನ ಆದ ಮೇಲೆ ತುಳಸಿಗೆ ಹಾಕ್ತೀಯಲ್ಲ, ಇದಕ್ಕೂ ಒಂದು ತಂಬಿಗೆ." ನಾನೂ ಹಾಗೇ ಮಾಡಿದೆ. ನೂರು ಡಿಗ್ರಿ ದಾಟಿದ ಜುಲೈ, ಆಗಸ್ಟ್‌ನಲ್ಲಿ, ಒಂದು ದಿನ ಬಿಡದೆ, ತುಳಸಿಗೆ ಒಂದು ತಂಬಿಗೆ, ಪಕ್ಕದ ಬರೀ ಮಣ್ಣಿಗೆ ಒಂದು ತಂಬಿಗೆ. ನನ್ನ ಮಗಳು ಅದಿತಿ ಬಾಗಿಲಲ್ಲಿ ನಿಂತು, "ಅಮ್ಮಾ, ವೈ ಆರ್ ಯು ವಾಟರಿಂಗ್ ಡರ್ಟ್?" ಎಂದು ಕೇಳುತ್ತಿದ್ದಳು. ಒಳಗೆ ಜೀವ ಇದೆ ಎಂದು ನಿಮ್ಮ ಮಾತನ್ನೇ ಅವಳಿಗೆ ಹೇಳುತ್ತಿದ್ದೆ.

ಅಕ್ಟೋಬರ್ ಬಂತು, ಎಲೆ ಬಂತು, ಹೂವು ಬರಲಿಲ್ಲ. ಆಗ ನಾನು ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದ್ದೆ, ಆಫೀಸು ಮುಗಿಸಿ ನೇರ ನಿಮ್ಮ ಮನೆಗೆ ಬರುತ್ತಿದ್ದೆ, ನಿಮ್ಮ ಹೂವನ್ನಾದರೂ ನೋಡೋಣ ಎಂದು. ಬಾಗಿಲು ತೆಗೆಯುತ್ತಲೇ ನೀವು, "ಅಯ್ಯೋ, ಹೂವು ನಿನ್ನೆ ಬಂತು ಕಣೇ! ಸೂರ್ಯ ಹುಟ್ಟೋ ಮೊದಲೇ ಕಿತ್ತುಬಿಟ್ಟೆ, ಬಿಸಿಲು ತಾಗಿದ್ರೆ ಎಳೆ ಹಾಳು." ಪಾತಿಯಲ್ಲಿ ಎಲೆ ಮಾತ್ರ ಇರುತ್ತಿತ್ತು. ಒಳಗೆ ಬೆಳ್ಳಿಯ ಕುಂಕುಮದ ಡಬ್ಬಿ ತೆರೆದು ತೋರಿಸುತ್ತಿದ್ದಿರಿ, ಕೆಂಪು ಎಳೆ. ಶನಿವಾರ ಬಂದರೆ ಶುಕ್ರವಾರ ಬಂದಿರುತ್ತಿತ್ತು, ಬುಧವಾರ ಬಂದರೆ ಮಂಗಳವಾರ. ನಾಲ್ಕು ವರ್ಷ ಹೂವು ನಿನ್ನೆಯೇ ಬಂತು, ಆಂಟಿ. ಒಂದೇ ಒಂದು ಸಲ ಇವತ್ತು ಬರಲಿಲ್ಲ. ಕಂಪ್ಯೂಟರಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಇದು ನನಗೆ ಯಾಕೆ ಹೊಳೆಯಲಿಲ್ಲ?

ಎರಡನೆಯ ವರ್ಷವೂ ನನ್ನ ಕುಂಡದಲ್ಲಿ ಬರೀ ಎಲೆ ಬಂದಾಗ ನೀವು ನನ್ನ ಅಂಗೈಯನ್ನು ನಿಮ್ಮ ಕೈಯಲ್ಲಿಟ್ಟುಕೊಂಡು ಹೇಳಿದ್ದು: "ಕೈಗುಣ ಅಂತ ಒಂದಿರುತ್ತೆ ಕಣೇ. ಎಲ್ಲರಿಗೂ ಬರಲ್ಲ. ನೀನು ಬೇರೆ ಎಷ್ಟೆಲ್ಲ ಚೆನ್ನಾಗಿ ಮಾಡ್ತೀಯ, ಇದೊಂದು ಬಿಡು." ಪ್ರೀತಿಯಿಂದಲೇ ಹೇಳಿದಿರಿ, ಅದು ಗೊತ್ತು. ಆದರೆ ಆ ಮಾತು ನನ್ನೊಳಗೆ ಎಲ್ಲಿಯವರೆಗೆ ಇಳಿಯಿತು ಗೊತ್ತೇ? ಆಮೇಲೆ ಕರಿಬೇವಿನ ಗಿಡವನ್ನೂ ಮಾಧವನ ಕೈಯಲ್ಲೇ ನೆಡಿಸಿದೆ. ದೇವಸ್ಥಾನದಲ್ಲಿ ಮಲ್ಲಿಗೆ ಬಳ್ಳಿ ಹಾಕುವಾಗ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ನಾನು ಫೋನ್ ಬಂತೆಂದು ನಟಿಸಿ ಆಚೆ ಹೋದೆ. ಮಕ್ಕಳ ಹುಟ್ಟುಹಬ್ಬಕ್ಕೆ ಗಿಡ ಉಡುಗೊರೆ ಕೊಡುವುದನ್ನೂ ಬಿಟ್ಟೆ. ನನ್ನ ಕೈ ನನಗೇ ಅಪರಿಚಿತವಾಯಿತು.

ಈಗ ಆ ದೀಪಾವಳಿಯ ಊಟಕ್ಕೆ ಬರುತ್ತೇನೆ. 2013. ನಿಮ್ಮ ಮನೆಯ ಹಾಲ್‌ನಲ್ಲಿ ಹನ್ನೆರಡು ಜನ ಹೆಂಗಸರು. ಊಟ ಮುಗಿದು ನೀವು ತಾಂಬೂಲ ಕೊಡುತ್ತಿದ್ದಿರಿ. ವೀಳ್ಯದೆಲೆ, ಅಡಿಕೆ, ಜೊತೆಗೆ ಕಾಗದದ ಪುಟ್ಟ ಪೊಟ್ಟಣದಲ್ಲಿ ನಾಲ್ಕೈದು ಎಳೆ ಕೇಸರಿ, "ನಮ್ಮ ಹಿತ್ತಲದ್ದು." ಭಾರತಿ ಪೊಟ್ಟಣ ಬಿಚ್ಚಿದಳು. ಮರ್ಫಿಯಲ್ಲಿ ನಮ್ಮಿಂದ ಎರಡು ಮನೆ ಆಚೆ ಇದ್ದ ಧಾರವಾಡದ ಭಾರತಿ, ಈ ಊರಲ್ಲಿ ನನಗೆ ಸಿಕ್ಕ ಮೊದಲ ಗೆಳತಿ. ಅವಳು ಜ್ವರ ಬಂದು ಮಲಗಿದರೆ ನಾನು ಸಾರು ಮಾಡಿಕೊಡುತ್ತಿದ್ದೆ, ನನಗೆ ಬಂದರೆ ಅವಳು ಬೈದು ಮಾಡಿಕೊಡುತ್ತಿದ್ದಳು. ಅವಳು ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅವಳಿಗೆ ಇರುವ ಒಂದೇ ಧ್ವನಿಯಲ್ಲಿ, ಎಂದರೆ ದೊಡ್ಡ ಧ್ವನಿಯಲ್ಲಿ ಹೇಳಿದಳು:

"ಆಂಟಿ, ಇದು ಹಿತ್ತಲದಾಗ ಬೆಳದದ್ದಲ್ರೀ. ಅಂಗಡ್ಯಾಗಿಂದು. ಮನ್ಯಾಗ ಹೂವಿನಿಂದ ಕಿತ್ತಿದ್ದಾದ್ರ ಮೂರೂ ಎಳಿ ಬುಡದಾಗ ಕೂಡಿರ್ತಾವ, ಒಂದು ಹಳದಿ ಬಾಲ ಇರ್ತದ. ಇದು ನೋಡ್ರಿ, ಕತ್ತರಿಸಿದ್ದು. ನಮ್ಮಪ್ಪ ಮಿಲಿಟರ್ಯಾಗ ಇದ್ದಾಗ ಕಾಶ್ಮೀರದಾಗ ಎರಡು ವರ್ಷ ಇದ್ವಿ, ಬಾಜೂ ಮನಿಯವರ ಜೋಡಿ ಕೂತು ನಾನೂ ಬಿಡಿಸೀನಿ."

ನನ್ನ ಮೈ ಉರಿದುಹೋಯಿತು. ನಿಮ್ಮ ಮನೆಯಲ್ಲಿ, ನಿಮ್ಮ ಎಲೆಯಲ್ಲಿ ಉಂಡು, ನಿಮ್ಮನ್ನೇ? "ಭಾರತಿ, ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಲಿ. ನಾನು ಕಣ್ಣಾರೆ ನೋಡಿದ್ದೀನಿ" ಎಂದೆ. ಅವಳು ನಗುತ್ತಲೇ, "ಯಾವಾಗ ನೋಡಿದ್ದಿ?" ಎಂದಳು. ಎರಡು ವರ್ಷದ ಹಿಂದೆ ಎನ್ನಬೇಕಿತ್ತು. ಹಾಗೆನ್ನದೆ, "ನಿನ್ನ ಹಿತ್ತಲಲ್ಲಿ ಮೆಂತ್ಯದ ಸೊಪ್ಪೂ ಬರಲ್ಲ, ಇನ್ನೊಬ್ಬರದ್ದು ನೋಡಿದ್ರೆ ನಿನಗೆ ತಡೆಯೋಕಾಗಲ್ಲ. ಮೊದಲಿಂದಲೂ ನೀನು ಹೀಗೇ" ಎಂದೆ. ಇನ್ನೂ ಏನೇನೋ ಅಂದೆ. ಅವಳ ನಗು ಮೆಲ್ಲಗೆ ಇಳಿದದ್ದನ್ನು ನೋಡಿಯೂ ಅಂದೆ. ಅಷ್ಟು ಹೊತ್ತೂ ನೀವು ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕೂತಿದ್ದಿರಿ. ಒಂದು ಎಲೆ, ಇನ್ನೊಂದು ಎಲೆ. ಕೊನೆಗೆ ಬಾಯಿ ಬಿಟ್ಟಿರಿ: "ಆಯ್ತು ಬಿಡ್ರಮ್ಮ, ಹಬ್ಬದ ದಿನ ಜಗಳ ಬೇಡ. ಯಾರಿಗೆ ಇನ್ನೊಂದು ಹೋಳಿಗೆ?"

ಒಂದು ವಾಕ್ಯ ಸಾಕಾಗಿತ್ತು, ಆಂಟಿ. "ಭಾರತಿ ಹೇಳಿದ್ದು ನಿಜ." ಬೇಡ, ಎಲ್ಲರೆದುರು ಬೇಡ. ಆಮೇಲೆ ಪಾತ್ರೆ ತೊಳೆಯುವಾಗ ನನ್ನ ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು, ನಾನು ಅವಳ ಹಿಂದೆ ಓಡಿಹೋಗುತ್ತಿದ್ದೆ. ಆ ಸಂಜೆ ನೀವು ಫೋನ್ ಮಾಡಿದಿರಿ. "ನೀನು ನನ್ನ ಮಗಳಿಗಿಂತ ಹೆಚ್ಚು ಕಣೇ" ಎಂದಿರಿ. ಆ ಮಾತನ್ನು ತಲೆಯ ಮೇಲಿಟ್ಟುಕೊಂಡು ನಾನು ಒಂದು ವಾರ ಓಡಾಡಿದೆ. ಭಾರತಿಯ ಮನೆಯ ಮುಂದೆ ಕಾರು ನಿಧಾನ ಮಾಡದೆ ಹೋಗುವುದನ್ನು ಕಲಿತೆ. ಮುಂದಿನ ಬೇಸಿಗೆಯಲ್ಲಿ ಅವಳು ಆಸ್ಟಿನ್ನಿಗೆ ಶಿಫ್ಟ್ ಆದಳು. "ಹೋಗಿ ಬರ್ತೀನಿ" ಎಂದು ಒಂದು ಮೆಸೇಜ್ ಬಂತು. ನಾನು ಅದಕ್ಕೆ ಉತ್ತರ ಕೊಡಲಿಲ್ಲ.

ಈ ಮಾರ್ಚ್‌ನಲ್ಲಿ ನೀವು ಬೆಳಗಿನ ಕಾಫಿ ಲೋಟ ಕೆಳಗಿಡುವ ಮೊದಲೇ ಹೊರಟುಹೋದಿರಿ. ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಎಲ್ಲರೂ ಹೊಗಳಿದರು. ದೇವಸ್ಥಾನದ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ, ನನ್ನನ್ನು ಮಾತಾಡಲು ಕರೆದರು. "ಆಂಟಿಯ ಕೈ ತಾಗಿದರೆ ಟೆಕ್ಸಸ್ಸಿನ ಕರಿಮಣ್ಣೂ ಕಾಶ್ಮೀರವಾಗುತ್ತಿತ್ತು" ಎಂದೆ. ಎಷ್ಟು ಚೆನ್ನಾಗಿ ಮಾತಾಡಿದಿರಿ ಎಂದು ಜನ ಬಂದು ಕೈ ಹಿಡಿದರು. ಮುಂದಿನ ಸಾಲಿನಲ್ಲಿ ನಿಮ್ಮ ಮಗಳು ರಾಧಿಕಾ ತಲೆ ತಗ್ಗಿಸಿ ಕೂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ.

ಜೂನ್‌ನಲ್ಲಿ ರಾಧಿಕಾ ಹ್ಯೂಸ್ಟನ್ನಿನಿಂದ ಮನೆ ಖಾಲಿ ಮಾಡಲು ಬಂದಳು. ಅಡುಗೆಮನೆ ನನ್ನ ಪಾಲಿಗೆ. ಮೇಲಿನ ಶೆಲ್ಫಿನಲ್ಲಿ, ಹಪ್ಪಳದ ಡಬ್ಬಗಳ ಹಿಂದೆ, ಒಂದು ಬಿಸ್ಕತ್ತಿನ ಟಿನ್. ಮುಚ್ಚಳ ತೆಗೆದರೆ ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು, ಅಂಗಡಿಯ ಲೇಬಲ್ ಹಚ್ಚಿದ್ದು, ಕೆಲವು ಖಾಲಿ, ಎರಡು ಒಡೆಯದೇ ಇದ್ದವು. ಮೇಲೆ ನಿಮ್ಮ ಬೆಳ್ಳಿ ಡಬ್ಬಿ. ಪಕ್ಕದಲ್ಲಿ ಆಸ್ಪತ್ರೆಯ ಕಾಲದ ನಿಮ್ಮ ಚಿಮುಟ, ತುದಿಗೆ ಇನ್ನೂ ಒಂದು ಕೆಂಪು ಎಳೆ. ಏನೂ ಅರ್ಥವಾಗದೆ ರಾಧಿಕಾಳಿಗೆ ತೋರಿಸಿದೆ. ಅವಳು ನಕ್ಕಳು. "ಓ, ಮಾಮ್ಸ್ ಗಾರ್ಡನ್!" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ವೇಟ್... ಯು ಡಿಡಿಂಟ್ ನೋ?"

ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಟಿನ್ ಹಿಡಿದುಕೊಂಡು ಕೇಳುತ್ತಾ ನಿಂತೆ. ಮೊದಲ ವರ್ಷದ ನಂತರ ನಿಮ್ಮ ಪಾತಿಯಲ್ಲಿ ಒಂದೂ ಹೂವು ಬರಲಿಲ್ಲವಂತೆ. ಅಷ್ಟರಲ್ಲಿ ನೀವು ಊರಿಗೆಲ್ಲ ಹೇಳಿಯಾಗಿತ್ತು. ಡಾಲಸ್ಸಿನ ಅಂಗಡಿಯಲ್ಲಿ ಕೊಂಡರೆ ನಮ್ಮ ಹೆಂಗಸರ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ರಾಧಿಕಾ ಹ್ಯೂಸ್ಟನ್ನಿನಿಂದ ತಂದುಕೊಡಬೇಕಿತ್ತಂತೆ. ದೀಪಾವಳಿಯ ಜಗಳದ ಸಂಜೆ ನೀವು ಅವಳಿಗೂ ಫೋನ್ ಮಾಡಿದ್ದಿರಂತೆ. "ಮಾಮ್, ಟೆಲ್ ಹರ್" ಎಂದಿದ್ದಾಳೆ ಅವಳು. "ಹೇಳ್ತೀನಿ, ಈ ವಾರ ಬರ್ತಾಳಲ್ಲ, ಆಗ ಹೇಳ್ತೀನಿ" ಎಂದಿದ್ದೀರಿ. ಹೇಳಿದ್ದೀರಿ ಎಂದೇ ರಾಧಿಕಾ ತಿಳಿದಿದ್ದಳು. ಸಭೆಯಲ್ಲಿ ನನ್ನ ಭಾಷಣ ಕೇಳಿದಾಗಲೂ, ಇವಳು ಅಮ್ಮನ ಮಾನ ಕಾಯುತ್ತಿದ್ದಾಳೆ ಎಂದುಕೊಂಡಳಂತೆ. ಆ ವಾರ ನಾನು ಬಂದಿದ್ದೆ, ಆಂಟಿ. ಗುರುವಾರ ಬಂದಿದ್ದೆ. ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟಿರಿ. ಹೂವು ಬುಧವಾರ ಬಂತು ಎಂದಿರಿ.

ರಾಧಿಕಾ ನೆನಪಿಗೆ ಇರಲಿ ಎಂದು ಬೆಳ್ಳಿ ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. ಮನೆಗೆ ಬಂದವಳೇ ಕೇಸರಿಯ ಕುಂಡವನ್ನು ತುಳಸಿಯ ಪಕ್ಕದಿಂದ ಎಳೆದು, ಪ್ಯಾಟಿಯೋದ ಮಾಡಿನ ಕೆಳಗೆ ಬಾರ್ಬೆಕ್ಯೂ ಗ್ರಿಲ್ಲಿನ ಹಿಂದೆ ನೂಕಿದೆ. ಕಸದವರಿಗೆ ಕೊಡಬೇಕು ಎಂದುಕೊಂಡೆ, ಕುಂಡ ಭಾರ, ಮರೆತುಹೋಯಿತು. ಒಂದು ಹನಿ ನೀರು ಹಾಕಲಿಲ್ಲ. ಹಾಕಬಾರದೆಂದೇ ಹಾಕಲಿಲ್ಲ. ದಿನಾ ಬೆಳಿಗ್ಗೆ ತುಳಸಿಗೆ ನೀರೆರೆದು ಆ ಕಡೆ ತಿರುಗಿಯೂ ನೋಡದೆ ಒಳಗೆ ಬರುತ್ತಿದ್ದೆ. ಸತ್ತವರ ಮೇಲಿನ ಸಿಟ್ಟನ್ನು ಇನ್ನೆಲ್ಲಿ ತೀರಿಸಿಕೊಳ್ಳುವುದು? ನಿಮ್ಮ ಮನೆಯ ಅಂಚೆ ನೋಡಿಕೊಳ್ಳುವ ಕೆಲಸ ಮಾತ್ರ ರಾಧಿಕಾ ಕೇಳಿದಳೆಂದು ಒಪ್ಪಿಕೊಂಡಿದ್ದೆ. ಅವಳು ನೀರು ಬಂದ್ ಮಾಡಿಸಿ ಹೋಗಿದ್ದಳು. ನಿಮ್ಮ ಹುಲ್ಲು ಕಂದಾಗಿದೆ ಎಂದು ಬಡಾವಣೆಯ ಸಂಘದಿಂದ ಎರಡು ಕಾಗದ ಬಂದವು. ಸಂಜೆಯೂ ಸ್ಪ್ರಿಂಕ್ಲರ್ ಬಿಟ್ಟು ಹುಲ್ಲನ್ನು ಹಸಿರಾಗಿಟ್ಟವರು ನೀವು, ನೋಡಿದ್ದರೆ ಸಂಕಟಪಡುತ್ತಿದ್ದಿರಿ.

ಮೊನ್ನೆ ಶುಕ್ರವಾರ ದೀಪಾವಳಿಯ ಲೈಟಿನ ಸರ ಬಿಚ್ಚಿ ಡಬ್ಬಕ್ಕೆ ಹಾಕುತ್ತಿದ್ದೆ. ಗ್ರಿಲ್ಲಿನ ಹಿಂದೆ ಏನೋ ನೇರಳೆ ಕಂಡಿತು. ಅದಿತಿಯ ಪೆನ್ಸಿಲ್ ಬಿದ್ದಿದೆ ಎಂದು ಬಗ್ಗಿದೆ. ಮೊಗ್ಗು. ಬಿರುಕು ಬಿಟ್ಟು ಇಟ್ಟಿಗೆಯಾಗಿದ್ದ ಮಣ್ಣಿನಿಂದ ಒಂದು ಮೊಗ್ಗು. ಶನಿವಾರ ಬೆಳಿಗ್ಗೆ ಅದು ಅರಳಿತು. ಮೂರು ಎಳೆ, ಬುಡದಲ್ಲಿ ಕೂಡಿಕೊಂಡು, ಕೆಳಗೆ ಹಳದಿ ಬಾಲ. ಭಾರತಿ ಹೇಳಿದ ಹಾಗೆಯೇ. ಕುಂಡವನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಕಟ್ಟಿದೆ. "ಫೋನ್ ಮಾಡಿ ಹೋಗೇ" ಎಂದ ಮಾಧವ. ಮಾಡಿದರೆ ಅವಳು ಎತ್ತುವುದಿಲ್ಲ, ಎತ್ತಿದರೆ ನನಗೆ ಮಾತು ಬರುವುದಿಲ್ಲ ಎಂದೆ.

ಆಸ್ಟಿನ್ನಿಗೆ ಮೂರೂವರೆ ಗಂಟೆ. ವೇಕೋ ದಾಟುವಷ್ಟರಲ್ಲಿ ಕ್ಷಮೆ ಕೇಳುವ ಮಾತನ್ನು ನಾಲ್ಕು ಥರ ಜೋಡಿಸಿಕೊಂಡಿದ್ದೆ. ಭಾರತಿ ಬಾಗಿಲು ತೆಗೆದಳು. ಕೂದಲು ನೆರೆತಿದೆ. ನನ್ನನ್ನು ನೋಡಿದಳು, ಕುಂಡ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಇದೂ ಅಂಗಡ್ಯಾಗಿಂದೇನ?"

ನಾಲ್ಕು ಥರದ ಮಾತಿನಲ್ಲಿ ಒಂದೂ ಬರಲಿಲ್ಲ. ಬಾಗಿಲಲ್ಲೇ ಅಳಲು ಶುರು ಮಾಡಿದೆ. ಅವಳು ಕುಂಡ ಇಸಿದುಕೊಂಡು, "ಒಳಗ ಬಂದು ಅಳು, ಓಣ್ಯಾಗಿನ ಮಂದಿ ನೋಡ್ತಾರ" ಎಂದಳು. ಚಹಾ ಮಾಡಿದಳು. ನಾನು ಬಿಸ್ಕತ್ತಿನ ಟಿನ್ನಿನಿಂದ ಹಿಡಿದು ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಅವ್ರು ಸುಳ್ಳು ಹೇಳಿದ್ದು ನನಗೇನೂ ಅನಸಲಿಲ್ಲ, ಶೈಲಾ. ವಯಸ್ಸಾದವ್ರು, ಏನೋ ಒಂದು ಆಸೆ, ಹೌಸು. ನೀ ಅಂದದ್ದು ಚುಚ್ಚಿತು. ಮೂರು ವರ್ಷ ಚುಚ್ಚೇದ" ಎಂದಳು. ಆಮೇಲೆ, ಹೂವು ಹೇಗೆ ಬಂತು ಎಂದು ಕೇಳಿದಳು. ಬೇಸಿಗೆಯಿಡೀ ನೀರು ಹಾಕಲಿಲ್ಲ, ಸಾಯಲಿ ಎಂದು ಬಿಟ್ಟಿದ್ದೆ ಎಂದೆ.

"ಅದಕ್ಕ ಬಂತು. ಬ್ಯಾಸಗ್ಯಾಗ ಅದು ಮ್ಯಾಲಿನ ಎಲಿ ಎಲ್ಲಾ ಒಣಗಿಸಿ ಒಳಗ ಮಕ್ಕೊಂಡಿರ್ತದ. ಮಕ್ಕೊಂಡವರ ಮಾರಿಮ್ಯಾಲೆ ದಿನಾ ಮುಂಜಾನೆ ನೀರು ಸುರುವಿದ್ರ ಯಾರು ಎದ್ದು ನಗ್ತಾರ? ಕಾಶ್ಮೀರದಾಗ ಬ್ಯಾಸಗ್ಯಾಗ ಒಬ್ಬರೂ ಅದಕ್ಕ ನೀರು ಹಾಕೂದಿಲ್ಲ." ಲೋಟ ಕೆಳಗಿಟ್ಟಳು. "ಅವತ್ತ ಇದನ್ನೂ ಹೇಳಬೇಕಂತಿದ್ದೆ, ಆಂಟಿಗೆ. ಹೇಳಲಿಕ್ಕೆ ನೀ ಎಲ್ಲೆ ಬಿಟ್ಟಿ?"

ಕೇಳಿಸಿತೇ, ಆಂಟಿ? ನಮ್ಮ ಹೂವಿನ ಗುಟ್ಟು ಗೊತ್ತಿದ್ದವಳು ನಿಮ್ಮ ಹಾಲ್‌ನಲ್ಲೇ ಕೂತಿದ್ದಳು. ಅವಳ ಬಾಯಿಯನ್ನು ನಾನು ಮುಚ್ಚಿದೆ, ನೀವು ಮುಚ್ಚಗೊಟ್ಟಿರಿ. ನಿಮ್ಮ ಪಾತಿಯಲ್ಲೂ ಬರೀ ಎಲೆ ಎಂದು ನೀವು ಒಂದು ಸಲ ಹೇಳಿದ್ದರೆ, ಇಬ್ಬರೂ ಕೂಡಿ ಯಾರನ್ನಾದರೂ ಕೇಳುತ್ತಿದ್ದೆವು. ಬೇರೆ ಯಾರನ್ನು, ಅವಳನ್ನೇ ಕೇಳುತ್ತಿದ್ದೆವು. ನನ್ನ ಕೈಗುಣಕ್ಕೆ ಏನೂ ಆಗಿರಲಿಲ್ಲ. ನೀವು ಹೇಳಿಕೊಟ್ಟ ತಂಬಿಗೆ ನೀರು ಅದನ್ನು ಕೊಲ್ಲುತ್ತಿತ್ತು. ಜನರನ್ನು ಮಲಗಿಸುವುದೇ ಕಸುಬಾಗಿದ್ದ ನಿಮಗೆ ಒಂದು ಗೆಡ್ಡೆಯ ನಿದ್ದೆ ಗೊತ್ತಾಗಲಿಲ್ಲವೇ? ಆಮೇಲೆ ಇನ್ನೊಂದು ಹೊಳೆಯಿತು, ಅದು ಹೊಳೆಯದಿದ್ದರೆ ಚೆನ್ನಾಗಿತ್ತು. ನನಗೆ ಹೇಳಿಕೊಟ್ಟದ್ದನ್ನು ನೀವೂ ಮಾಡುತ್ತಿದ್ದಿರಿ. ದಿನಾ ಬೆಳಿಗ್ಗೆ ಆ ಪಾತಿಗೆ ತಂಬಿಗೆ ಹಿಡಿದು ನಿಲ್ಲುತ್ತಿದ್ದಿರಿ. ಈ ವರ್ಷ ಬಂದುಬಿಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂದು...

"ಅವರ ಹಿತ್ತಲಕ್ಕ ಈಗ ಯಾರು ನೀರು ಹಾಕ್ತಾರ?" ಎಂದು ಭಾರತಿ ಕೇಳಿದ್ದು ರಾತ್ರಿಯ ಅಡುಗೆಗೆ ಸೊಪ್ಪು ಬಿಡಿಸುವಾಗ. ಯಾರೂ ಇಲ್ಲ ಎಂದೆ. ಇಬ್ಬರೂ ಸೊಪ್ಪು ಕೆಳಗಿಟ್ಟೆವು. "ನಾನೂ ಬರ್ತೀನಿ. ಈ ಸಲ ನಾ ಕಣ್ಣಾರೆ ನೋಡಬೇಕು. ವಾಪಸ್ ಬಸ್ಸಿಗೆ ಬರ್ತೀನಿ" ಎಂದಳು.

ರಾತ್ರಿ ಅವಳ ಮನೆಯಲ್ಲೇ ಉಳಿದು ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಮನೆ ತಲುಪಿದೆವು. ಮುಂದೆ ಮಾರಾಟದ ಬೋರ್ಡು. ಪಕ್ಕದ ಗೇಟು ತೆಗೆದು ಹಿಂದೆ ಹೋದೆವು. ಹುಲ್ಲೆಲ್ಲ ಸತ್ತಿದೆ. ಅಡುಗೆಮನೆ ಕಿಟಕಿಯ ಕೆಳಗೆ, ಒಣಗಿ ಬಿರುಕು ಬಿಟ್ಟ ಪಾತಿಯಲ್ಲಿ ಹನ್ನೊಂದು ಹೂವು. ಹನ್ನೊಂದು, ಆಂಟಿ. ಎರಡೆರಡು ಸಲ ಎಣಿಸಿದೆ. ಭಾರತಿ ಕುಕ್ಕುರುಗಾಲಲ್ಲಿ ಕೂತು ನೋಡಿ, "ಪಾಪ" ಎಂದಳು. ನಿಮಗೆ ಅಂದದ್ದು. ನನಗೆ ಪಾಪ ಎನ್ನಲು ಬರಲಿಲ್ಲ. ನಿಮ್ಮ ಕಿಟಕಿಯ ಗಾಜಿಗೆ ಹಣೆ ಹಚ್ಚಿ, ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ ಎಂದು ಖಾಲಿ ಅಡುಗೆಮನೆಯನ್ನು ಕೇಳಿದೆ. ಅಪ್ಪನ ಸಾವನ್ನೇ ನನ್ನ ಮುಖಕ್ಕೆ ಹೇಳಿದವರು ನೀವು. ಒಂದು ಹೂವು ಬರಲಿಲ್ಲ ಎಂಬುದನ್ನು ಹೇಳಲು ಆಗಲಿಲ್ಲವೇ?

ಭಾರತಿ ನನ್ನ ಸೆರಗು ಜಗ್ಗಿ, "ಕೀಳು, ಮಧ್ಯಾಹ್ನಕ್ಕ ಬಾಡ್ತಾವ" ಎಂದಳು. ಬೆಳ್ಳಿ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು. ಆಸ್ಟಿನ್ನಿಗೆ ಹೊರಡುವಾಗ ಯಾಕೆ ಹಾಕಿಕೊಂಡೆ ಎಂದು ಕೇಳಬೇಡಿ. ಅವಳು ಬಿಡಿಸುವುದನ್ನು ತೋರಿಸಿದಳು, ನಾನು ಬಿಡಿಸಿದೆ, ನನ್ನ ಈ ಕೈಯಿಂದಲೇ. ಚಿಮುಟ ಬೇಕಾಗಲಿಲ್ಲ.

ಕ್ಷಮಿಸಿಬಿಟ್ಟೆ ಎಂದು ತಿಳಿಯಬೇಡಿ. ಮಾರ್ಚ್‌ನಲ್ಲಿ ನಿಮ್ಮ ವರ್ಷಾಂತಿಕ. ರಾಧಿಕಾ ಮತ್ತೆ ನನ್ನನ್ನೇ ಮಾತಾಡಲು ಕೇಳಿದ್ದಾಳೆ, ಒಪ್ಪಿದ್ದೇನೆ. ಈ ಸಲ ಕಾಶ್ಮೀರ ಗೀಶ್ಮೀರ ಏನೂ ಇಲ್ಲ. ನಾಲ್ಕು ವರ್ಷ ಆಂಟಿ ಕೊಟ್ಟ ಕೇಸರಿ ಅಂಗಡಿಯದು ಎನ್ನುತ್ತೇನೆ. ಭಾರತಿ ಅದನ್ನು ಹೇಳಿದಾಗ ನಾನು ಅವಳನ್ನು ಅವಮಾನ ಮಾಡಿದೆ, ಆಂಟಿ ಸುಮ್ಮನೆ ಕೂತಿದ್ದರು ಎನ್ನುತ್ತೇನೆ. ಆಂಟಿ ನನಗೆ ಡ್ರೈವಿಂಗ್ ಕಲಿಸಿದ್ದು ನಿಜ, ನನ್ನ ಅಪ್ಪನ ಒಂಬತ್ತು ದಿನವೂ ನಿಜ ಎಂದು ಅದೇ ಉಸಿರಿನಲ್ಲಿ ಹೇಳುತ್ತೇನೆ. ಆಮೇಲೆ ಆ ಹನ್ನೆರಡು ಜನಕ್ಕೂ ತಾಂಬೂಲದ ಜೊತೆ ಪೊಟ್ಟಣ ಕೊಡುತ್ತೇನೆ, ಹಳದಿ ಬಾಲ ಸಮೇತ. ಮೊದಲನೆಯದು ಭಾರತಿಗೆ. ಬೆಳಕಿಗೆ ಹಿಡಿದು ನೋಡಲಿ. ಯಾರ ಹಿತ್ತಲದ್ದು ಎಂದು ಕೇಳಿದರೆ ನಿಮ್ಮ ಹೆಸರನ್ನೇ ಹೇಳುತ್ತೇನೆ.

ಹೂವು ಇವತ್ತು ಬಂತು, ಆಂಟಿ. ನಾನೂ ಇವತ್ತೇ ಬಂದಿದ್ದೆ. ನೀವೇ ಇರಲಿಲ್ಲ.

ಶೈಲಾ